ಔಷಧವಲ್ಲದ ಪುಡಿ

2025ರ ಮಾರ್ಚ್ 11, ಮಂಗಳವಾರ ಬೆಳಿಗ್ಗೆ 9.20ಕ್ಕೆ ಗೋಕಾಕ ಶಹರ ಠಾಣೆಗೆ ಬಂದ ಲಕ್ಕವ್ವ, ಡಾಕ್ಟರ ಮೇಲೆ ದೂರು ಬರೆದುಕೊಳ್ಳಿ ಎಂದಳು. ಮೂಡಲಗಿಯವಳು, ವಯಸ್ಸು ನಲವತ್ತಾರು, ಹೊಲದ ಕೂಲಿ. ಅವಳ ಒಬ್ಬಳೇ ಮಗಳು ಐಶ್ವರ್ಯ, ಇಪ್ಪತ್ತೆರಡರ ಬಿ.ಎ. ಪದವೀಧರೆ, ಅಂದು ನಸುಕಿನ 4.40ಕ್ಕೆ ಗೋಕಾಕದ ಖಾಸಗಿ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಿದ್ದಳು. ಲಕ್ಕವ್ವನ ಪ್ರಕಾರ ಮಗಳಿಗೆ ಅಮ್ಮ ಬಂದಿತ್ತು. ಬೇಸಿಗೆಯಲ್ಲಿ ಮೈಮೇಲೆ ಬೊಬ್ಬೆ ಎದ್ದರೆ ಅದು ದೇವಿ ಎಂಬ ಬಗ್ಗೆ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಎರಡನೇ ಮಾತಿಲ್ಲ. ಆದರೆ ಡಾಕ್ಟರು ಹೆಣ ಕೊಟ್ಟಿರಲಿಲ್ಲ. ನಿಮ್ಮ ಮಗಳು ಯಾವುದೋ ಗುಳಿಗೆ ತಿಂದಿದ್ದಾಳೆ, ಪೊಲೀಸರು ಬರಲಿ ಎಂದಿದ್ದರು.

“ಗುಳಿಗಿ ತಿನ್ನೂವಂಥ ಕೆಲಸ ನನ್ನ ಮಗಳು ಮಾಡಿಲ್ರಿ. ಸತ್ತ ಮ್ಯಾಲೂ ಆಕಿ ಹೆಸರ ಕೆಡಸಾಕತ್ತಾರ,” ಎಂದಳು ಲಕ್ಕವ್ವ.

ಮದುವೆಯಾಗದ ಹುಡುಗಿ ಗುಳಿಗೆ ತಿಂದಳು ಎಂದರೆ ಓಣಿಯಲ್ಲಿ ಏನು ಅರ್ಥ ಮಾಡುತ್ತಾರೆಂಬುದು ಇನ್‌ಸ್ಪೆಕ್ಟರ್ ಸದಾಶಿವ ಬಡಿಗೇರರಿಗೆ ಗೊತ್ತಿತ್ತು. ದೂರನ್ನು ಅವಳು ಹೇಳಿದಂತೆಯೇ ಬರೆಸಿಕೊಂಡರು, ಹೆಬ್ಬೆಟ್ಟು ಹಾಕಿಸಿಕೊಂಡರು. ಆಸ್ಪತ್ರೆಯಿಂದ ಬಂದ ಪತ್ರದ ಮೇಲೆ ಅಸಹಜ ಸಾವಿನ ಪ್ರಕರಣ ದಾಖಲಾಯಿತು. ಆಮೇಲೆ ಹೆಡ್ ಕಾನ್‌ಸ್ಟೇಬಲ್ ಬಸವಣ್ಣೆಪ್ಪನನ್ನೂ ಮಹಿಳಾ ಕಾನ್‌ಸ್ಟೇಬಲ್ ದೀಪಾಳನ್ನೂ ಕರೆದುಕೊಂಡು ಆಸ್ಪತ್ರೆಗೆ ಹೊರಟರು. ಬಸವಣ್ಣೆಪ್ಪನ ನಿವೃತ್ತಿಗೆ ಹನ್ನೊಂದು ತಿಂಗಳು ಬಾಕಿ ಇತ್ತು. ದೀಪಾ ನೌಕರಿಗೆ ಸೇರಿ ನಾಲ್ಕು ವರ್ಷ.

ಆಸ್ಪತ್ರೆಯ ಡಾ. ನಂದಾ ಮೂವರನ್ನೂ ಶವದ ಹತ್ತಿರವೇ ನಿಲ್ಲಿಸಿಕೊಂಡು ವಿವರಿಸಿದರು. ಅಮ್ಮ ಬಂದವರ ಚರ್ಮ ಹೀಗೆ ಹಾಳೆಯಂತೆ ಸುಲಿಯುವುದಿಲ್ಲ. ಇದು ಯಾವುದೋ ಔಷಧ ಮೈಗೆ ಆಗಿಬರದೆ ಆದದ್ದು. ಸಾವಿರಾರು ಜನ ತಿಂದರೂ ಏನೂ ಆಗದ ಗುಳಿಗೆ, ಒಬ್ಬರಿಗೆ ಮಾತ್ರ ಎರಡು ಮೂರು ವಾರದ ನಂತರ ಜ್ವರ ತರಿಸುತ್ತದೆ. ಆಮೇಲೆ ಕಣ್ಣು, ಬಾಯಿ, ಮೈಯೆಲ್ಲ ಬೊಬ್ಬೆ. ಮೊದಲ ದದ್ದು ಕಂಡ ದಿನವೇ ನಿಲ್ಲಿಸಿ ಆಸ್ಪತ್ರೆಗೆ ತಂದರೆ ಬಹಳಷ್ಟು ಜನ ಉಳಿಯುತ್ತಾರೆ. ಐಶ್ವರ್ಯಳನ್ನು ತಂದದ್ದು ಆರನೇ ದಿನ.

“ಏನು ತಿಂದಳು ಅಂತ ಬೇಗ ಪತ್ತೆ ಹಚ್ಚಿ,” ಎಂದರು ಡಾಕ್ಟರು. “ಈಕಿ ಒಬ್ಬಳೇ ತಿಂದಿದ್ರೆ ಮುಗೀತು. ಇನ್ನೂ ಯಾರಾದ್ರೂ ತಿಂತಿದ್ರೆ, ಅವರನ್ನ ಉಳಿಸೋಕೆ ನಿಮ್ಮ ಹತ್ತಿರ ಇರೋದು ಕೆಲವೇ ದಿನ.”

ಬೆಳಿಗ್ಗೆ 11.30ರಿಂದ ಮಧ್ಯಾಹ್ನ 1.10ರವರೆಗೆ ಶವದ ಪಂಚನಾಮೆ ನಡೆಯಿತು. ಮರಣೋತ್ತರ ಪರೀಕ್ಷೆಯಲ್ಲಿ ತೆಗೆದ ಭಾಗಗಳು ಸೀಲಾಗಿ ಬೆಳಗಾವಿಯ ಪ್ರಯೋಗಾಲಯಕ್ಕೆ ಹೋದವು. ವರದಿ ಬರಲು ವಾರಗಳೇ ಬೇಕು.

ಮಧ್ಯಾಹ್ನ 2.45ಕ್ಕೆ ಮೂಡಲಗಿಯ ಮನೆ. ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿತ್ತು. ದೇವಿ ಇದ್ದ ಮನೆಯಲ್ಲಿ ಒಗ್ಗರಣೆ ಹಾಕಿರಲಿಲ್ಲ, ಹೊರಗಿನವರನ್ನು ಒಳಗೆ ಬಿಟ್ಟಿರಲಿಲ್ಲ, ಔಷಧ ಸೋಕಿಸಿರಲಿಲ್ಲ. ಹುಡುಗಿಯ ಹಾಸಿಗೆ ಬಟ್ಟೆಯನ್ನೆಲ್ಲ ಅಷ್ಟರಲ್ಲೇ ಸುಟ್ಟು, ನೆಲ ಸಾರಿಸಿಬಿಟ್ಟಿದ್ದರು. ಪುರಾವೆ ಅಂತ ಇದ್ದರೆ ಅದು ಸೆಗಣಿಯಲ್ಲಿ ಬೆರೆತು ಹೋಗಿತ್ತು. ಬಡಿಗೇರರು ಕೇಳಬೇಕಾದ್ದನ್ನೆಲ್ಲ ಕೇಳಿದರು. ಜ್ವರದ ಗುಳಿಗೆ? ಇಲ್ಲ. ಇಂಜೆಕ್ಷನ್? ಇಲ್ಲ. ನಾಟಿ ಔಷಧ? ದೇವಿ ಮೈಮೇಲೆ ಇರುವಾಗ ಔಷಧ ಕೊಡುತ್ತಾರೆಯೇ, ಸಾಹೇಬರಿಗೆ ಅಷ್ಟೂ ತಿಳಿಯದೇ ಎಂಬಂತೆ ಲಕ್ಕವ್ವ ನೋಡಿದಳು. ಇನ್‌ಸ್ಪೆಕ್ಟರರಿಗೆ ಸಿಟ್ಟು ಬಂತು. ಸುಳ್ಳು ಹೇಳುತ್ತಿದ್ದಾಳೆ ಅಂದುಕೊಂಡರು.

ಅವಳು ಸುಳ್ಳು ಹೇಳುತ್ತಿರಲಿಲ್ಲ. ಕೇಳುವ ಬಗೆಯೇ ತಪ್ಪಿತ್ತು. ದೀಪಾ ಅವಳ ಪಕ್ಕದಲ್ಲಿ ಕೂತು ಬೇರೆ ಥರ ಕೇಳಿದಳು. ಔಷಧದ ಮಾತೇ ಎತ್ತಲಿಲ್ಲ. ಮಗಳು ಬೆಳಿಗ್ಗೆ ಎದ್ದು ಏನು ಕುಡಿಯುತ್ತಿದ್ದಳು, ಓದಲು ಕೂರುವಾಗ ಏನು ತಿನ್ನುತ್ತಿದ್ದಳು, ಮಲಗುವ ಮುಂಚೆ ಏನು?

“ಮುಂಜಾನೆ ಹಾಲಿನ್ಯಾಗ ಪುಡಿ ಹಾಕ್ಕೊಂಡ ಕುಡಿತಿದ್ಲವಾ.”

“ಎಂಥಾ ಪುಡಿ ಆಯಿ?”

“ಓದಿನ ಪುಡಿ. ಬ್ರಾಹ್ಮಿ ಎಲಿ ಪುಡಿ. ಅದನ್ನ ತಗೊಂಡ ಮ್ಯಾಲೆ ಇಡೀ ದಿನ ಕುಂತ ಓದತಿದ್ಲು, ತೂಕಡಸ್ತಿರಲಿಲ್ಲ. ಕೇದಾರಿ ಸರ್ ಕೊಟ್ಟಿದ್ರು.”

“ದೇವಿ ಬಂದ ಮ್ಯಾಲೂ ಕೊಟ್ರ್ಯಾ?”

“ಫೋನ್ ಮಾಡಿ ಕೇಳಿದೆ. ಅದು ಔಷಧ ಅಲ್ಲ, ಬಿಡಬ್ಯಾಡ್ರಿ ಅಂದ್ರು. ಬಾಯಿ ತುಂಬ ಹುಣ್ಣ ಆಗಿದ್ವು, ನುಂಗಾಕ ಆಗ್ತಿರಲಿಲ್ಲ. ನಾನ ಚಮಚಾಲೆ ಒಳಗ ಬಿಟ್ಟೀನಿ. ಕಡೀ ದಿನಾನೂ ಬಿಟ್ಟೀನಿ.”

ಹೇಳುತ್ತಾ ಹೇಳುತ್ತಾ ಅವಳು ದೀಪಾಳ ಮುಖ ನೋಡಿದಳು, ಆಮೇಲೆ ಇನ್‌ಸ್ಪೆಕ್ಟರರ ಮುಖ ನೋಡಿದಳು. ಪುಡಿಯಲ್ಲಿ ಏನಿತ್ತೆಂಬುದು ಇನ್ನೂ ತಿಳಿದಿಲ್ಲ ಎಂದು ಬಡಿಗೇರರು ಹೇಳಿದರು. ಅದು ಕಾಗದದ ಮೇಲಿನ ಸತ್ಯ ಅಷ್ಟೇ. ಪುಡಿಯ ಬಾಟಲಿ ಕೇಳಿದರೆ, ಹಾಸಿಗೆಯ ಜೊತೆ ಅದೂ ಬೆಂಕಿಗೆ ಹೋಗಿದೆ ಎಂದಳು.

ಕೇದಾರಿಯ ವಿಳಾಸವನ್ನು ದೀಪಾ ಯಾರನ್ನೂ ಕೇಳಬೇಕಾಗಿರಲಿಲ್ಲ. ಗೋಕಾಕದ ಬಸ್ ನಿಲ್ದಾಣದ ಹಿಂದೆ, ಕಾಳಿನ ಅಂಗಡಿಯ ಮಾಳಿಗೆ ಮೇಲೆ ಅವನ ‘ಛಲ ಓದುಕೋಣೆ’. ನೌಕರಿಯ ಪರೀಕ್ಷೆಗೆ ಓದುವ ಅರವತ್ತು ಜನ ದಿನವೂ ಅಲ್ಲಿಗೆ ಬರುತ್ತಾರೆ. ಮೆಟ್ಟಿಲ ಬಳಿ ಒಂದು ಹಲಗೆ ಇದೆ. ಆಯ್ಕೆಯಾದವರ ಹೆಸರನ್ನು ಕೇದಾರಿ ತಾನೇ ಬಿಳಿ ಬಣ್ಣದಲ್ಲಿ ಬರೆಯುತ್ತಾನೆ. ಅದರಲ್ಲಿ ಏಳನೇ ಹೆಸರು ದೀಪಾಳದು. ಅವಳಿಗೆ ಗಣಿತ ಹೇಳಿಕೊಟ್ಟವನು ಅವನೇ, ಒಂದು ಪೈಸೆ ತೆಗೆದುಕೊಳ್ಳದೆ. ಹೋಗುವ ದಾರಿಯಲ್ಲಿ ಅವಳು ಇದನ್ನು ಇನ್‌ಸ್ಪೆಕ್ಟರರಿಗೆ ಹೇಳಿದಳು. ಹಾಗಿದ್ದರೆ ಕೆಳಗೆ ಜೀಪಿನಲ್ಲೇ ಇರು ಎಂದರು ಅವರು. ಅವಳು ಒಪ್ಪಲಿಲ್ಲ.

ಸಂಜೆ 5.05ರಿಂದ 5.50ರವರೆಗೆ ವಿಚಾರಣೆ. ಕೇದಾರಿಗೆ ಮೂವತ್ತೊಂಬತ್ತು, ಒಂಟಿ ಜೀವ, ಇಸ್ತ್ರಿ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು. ಐಶ್ವರ್ಯಳ ಸುದ್ದಿ ಕೇಳಿ ಅವನು ಕುರ್ಚಿ ಹಿಡಿದುಕೊಂಡ. ಆ ದುಃಖ ನಾಟಕವಾಗಿರಲಿಲ್ಲ. ಪುಡಿ ಕೊಟ್ಟದ್ದು ಹೌದೆಂದ, ಡಬ್ಬಿ ತಂದು ಮುಂದಿಟ್ಟ. ಅಂಗಡಿಯಲ್ಲಿ ಸಿಗುವ ಬ್ರಾಹ್ಮಿ, ಶಂಖಪುಷ್ಪಿ. ಎಲ್ಲರ ಮುಂದೆ ಒಂದು ಚಮಚ ಬಾಯಿಗೆ ಹಾಕಿಕೊಂಡ. ಬೇರೆ ಯಾರಿಗೆ ಕೊಟ್ಟಿದ್ದೀ ಎಂದರೆ, ಬಡವರ ಹುಡುಗಿ ಅಂತ ಅವಳೊಬ್ಬಳಿಗೇ ಎಂದ. ಡಬ್ಬಿಯನ್ನು ಪಂಚರ ಸಮಕ್ಷಮ ಜಪ್ತಿ ಮಾಡಿದರು. ಡಬ್ಬಿಯಲ್ಲಿದ್ದದ್ದು ನಿಜಕ್ಕೂ ಬ್ರಾಹ್ಮಿಯೇ ಎಂದು ಆಮೇಲೆ ವರದಿ ಬಂತು.

ಹೊರಡುವಾಗ ದೀಪಾ ಹಾಜರಿ ಪುಸ್ತಕವನ್ನು ಎತ್ತಿಕೊಂಡಳು. ಓದುಕೋಣೆಗೆ ಬಂದವರು, ಹೋದವರು ಸಮಯ ಬರೆದು ಸಹಿ ಹಾಕುವುದು ಅಲ್ಲಿಯ ಶಿಸ್ತು. ಠಾಣೆಯಲ್ಲಿ ಅವಳೂ ಬಸವಣ್ಣೆಪ್ಪನೂ ಅದರ ಎರಡು ತಿಂಗಳ ಪುಟಗಳನ್ನು ತಿರುವಿದರು. ಫೆಬ್ರುವರಿ 17ರ ತನಕ ಐಶ್ವರ್ಯ ಸಂಜೆ ಐದೂವರೆಗೆ ಹೊರಡುತ್ತಿದ್ದಳು. 18ರಿಂದ ಕಡೆಯ ಬಸ್ಸಿನ ಹೊತ್ತಿನವರೆಗೆ ಕೂತಿದ್ದಾಳೆ, ಕಾಯಿಲೆ ಬೀಳುವ ತನಕ ಒಂದು ದಿನವೂ ತಪ್ಪಿಲ್ಲ. ಅದೇ ವಾರದಲ್ಲಿ ಹೀಗೆ ಒಮ್ಮೆಗೇ ನಿದ್ದೆ ಬಿಟ್ಟವರು ಇನ್ನೂ ಎಂಟು ಜನ. ಎಲ್ಲರೂ ಹುಡುಗಿಯರು. ಎಂಟು ಜನರಲ್ಲಿ ಹುಕ್ಕೇರಿಯ ಪೂನಮ್ ಎಂಬವಳ ಸಹಿ ಮಾರ್ಚ್ 8ಕ್ಕೆ ನಿಂತುಹೋಗಿತ್ತು.

12ರಂದು ಬೆಳಿಗ್ಗೆ ದೀಪಾ ಎಂಟೂ ಮನೆಗೆ ಫೋನು ಹಚ್ಚಿದಳು. ಏಳು ಹುಡುಗಿಯರು ಒಂದೇ ಮಾತು ಹೇಳಿದರು. ಪುಡಿ ಗಿಡಿ ಗೊತ್ತಿಲ್ಲ, ನಾವೇನೂ ತಗೊಳ್ಳುತ್ತಿಲ್ಲ. ಭಾನುವಾರ 16ಕ್ಕೆ ಗುಮಾಸ್ತರ ಹುದ್ದೆಯ ಪರೀಕ್ಷೆ ಇತ್ತು. ಪರೀಕ್ಷೆಗೆ ನಾಲ್ಕು ದಿನ ಇರುವಾಗ ಪೊಲೀಸರ ಕೇಸಿನಲ್ಲಿ ಹೆಸರು ಹಚ್ಚಿಕೊಳ್ಳಲು ಯಾರಿಗೆ ತಲೆ ಕೆಟ್ಟಿದೆ? ಎಂಟನೆಯ ನಂಬರು, ಪೂನಮ್‌ಳದು, ಬಂದಾಗಿತ್ತು. ಕೇದಾರಿಯನ್ನು ಕೇಳಿದರೆ, ಅವಳ ಮನೆಯಲ್ಲಿ ಮದುವೆ ಇದೆಯಂತೆ ಎಂದ. ಬಡಿಗೇರರು ಟೋಪಿ ತೆಗೆದುಕೊಂಡು ಎದ್ದರು.

ಮಧ್ಯಾಹ್ನ 12.40ಕ್ಕೆ ಹುಕ್ಕೇರಿಯ ಸಂತೆ ಬಯಲಿನ ಹಿಂದಿನ ಕೇರಿ. ಮದುವೆಯ ಚಪ್ಪರವಿರಲಿಲ್ಲ. ಬಾಗಿಲಿಗೆ ಬೇವು ಇತ್ತು. ಪಡಸಾಲೆಯ ಗೋಡೆಯಲ್ಲಿ ಬುದ್ಧ ಮತ್ತು ಬಾಬಾಸಾಹೇಬರ ಫೋಟೊ, ಅದರ ಕೆಳಗೆ ದೇವಿಯ ಹೆಸರಿನಲ್ಲಿ ಮೊಸರನ್ನದ ಎಡೆ. ಪೂನಮ್‌ಳ ಅಜ್ಜಿ ಗುಡ್ಡವ್ವ ಹೊಸ್ತಿಲಿಗೆ ಅಡ್ಡ ನಿಂತಳು. ಬೂಟು ಬೆಲ್ಟು ಹಾಕಿಕೊಂಡವರು ಒಳಗೆ ಬಂದರೆ ದೇವಿ ಸೈರಿಸುವುದಿಲ್ಲ ಎಂದಳು. ಬಸವಣ್ಣೆಪ್ಪ ಮೂವತ್ತೆರಡು ವರ್ಷದ ನೌಕರಿಯಲ್ಲಿ ಎಷ್ಟೋ ಬಾಗಿಲು ಒದ್ದವನು. ಇಲ್ಲಿ ಅವನ ಕಾಲು ಏಳಲಿಲ್ಲ. ಬೂಟು ಕಳಚಿದ, ಬೆಲ್ಟು ತೆಗೆದ, ಅಜ್ಜಿಗೆ ಕೈ ಮುಗಿದ. ಅವನು ಕೈ ಮುಗಿಯುತ್ತಿದ್ದಾಗಲೇ ದೀಪಾ ಪಕ್ಕದಿಂದ ಒಳಗೆ ನುಗ್ಗಿಬಿಟ್ಟಳು.

ಪೂನಮ್ ಕಣ್ಣು ಅಂಟಿಕೊಂಡು ಮಲಗಿದ್ದಳು. ತುಟಿ ಕಪ್ಪಗೆ ಒಡೆದಿತ್ತು. ಆದರೆ ಉಸಿರಿತ್ತು, ಹೆಸರು ಕೂಗಿದರೆ ಹ್ಞೂಂ ಅನ್ನುತ್ತಿದ್ದಳು.

ಅವಳ ಅಪ್ಪ ದುರ್ಗೇಶ ನಿಡಸೋಸಿಯ ಕಾಲೇಜಿನಲ್ಲಿ ಪ್ರಯೋಗಾಲಯದ ಸಹಾಯಕ. ಅವನು ಅಡ್ಡ ಬರಲಿಲ್ಲ. ಮಗಳನ್ನು ತಾನೇ ಎತ್ತಿ ಜೀಪಿನಲ್ಲಿ ಹಾಕಿದ. 10ರಂದು ದದ್ದು ಕಂಡಾಗ ಅವನು ಆಸ್ಪತ್ರೆಗೆ ಹೊರಟೇ ಇದ್ದನಂತೆ. ಇವತ್ತು ಮಗಳು ಬರುವುದಿಲ್ಲ ಎಂದು ಓದುಕೋಣೆಗೆ ತಿಳಿಸಲು ಫೋನು ಮಾಡಿದ್ದ. ಅವನ ಫೋನಿನಲ್ಲಿ ಬಂದ ಕರೆ, ಹೋದ ಕರೆ ಎಲ್ಲ ತಾನಾಗಿ ಧ್ವನಿಮುದ್ರಣವಾಗುತ್ತವೆ. ಜೀಪು ಬೆಳಗಾವಿಯ ಕಡೆ ಹೋಗುವಾಗ ಬಡಿಗೇರರು ಕೇದಾರಿಯ ಜೊತೆಗಿನ ಎರಡು ಕರೆ ಕೇಳಿಸಿಕೊಂಡರು.

ಮೊದಲನೆಯದು ಮಾರ್ಚ್ 10, ಬೆಳಿಗ್ಗೆ 8.05. ಕೇದಾರಿಯ ಧ್ವನಿ: “ಅಮ್ಮ ಬಂದೈತಿ ಅಷ್ಟ ಸರ್, ದವಾಖಾನಿ ಯಾಕ? ಸೂಜಿ ಚುಚ್ಚಿದ್ರ ಒಳಗಿಂದು ಒಳಗ ಉಳೀತೈತಿ. ಪುಡಿ ಮಾತ್ರ ಬಿಡಬ್ಯಾಡ್ರಿ, ಅದೇನ್ ಔಷಧ ಅಲ್ಲ.”

ಎರಡನೆಯದು ಮಾರ್ಚ್ 11, ಸಂಜೆ 6.35. ಪೊಲೀಸರು ಅವನ ಮೆಟ್ಟಿಲಿಳಿದು ಮುಕ್ಕಾಲು ಗಂಟೆ ಆಗಿತ್ತು: “ಪುಡಿ ಇನ್ನ ಸಾಕ್ರಿ. ಉಳಿದದ್ದು ಹಳ್ಳಕ್ಕ ಚೆಲ್ಲಿಬಿಡ್ರಿ. ಫೋನ್ ಬಂದ್ ಇಡ್ರಿ, ಆಕೀಗ ಆರಾಮ ಬೇಕು. ಭಾನುವಾರ ದಾಟಲಿ, ನಾನ ಬಂದ ದವಾಖಾನಿಗೆ ಕರಕೊಂಡ ಹೋಗ್ತೀನಿ.”

“ನೀವು ಓದಿದವರು. ನಿಮಗೆ ತಿಳೀಲಿಲ್ವೇ?” ಎಂದು ಬಡಿಗೇರರು ಕೇಳಿಬಿಟ್ಟರು. ಕೇಳಬಾರದಿತ್ತು.

“ಅವ್ವ ದೇವಿ ಅಂದಾಗ ನಾ ನಂಬಿರಲಿಲ್ರಿ,” ಎಂದ ದುರ್ಗೇಶ. “ಸರ್ ಅಂದಾಗ ನಂಬಿದೆ. ಅವರು ನನಗಿಂತ ಹೆಚ್ಚ ಓದಿದವರು.”

ಪುಡಿಯನ್ನು ಹಳ್ಳಕ್ಕೆ ಚೆಲ್ಲುವ ಕೆಲಸ ಗುಡ್ಡವ್ವನ ಪಾಲಿಗೆ ಬಂದಿತ್ತು. ಅವಳು ಚೆಲ್ಲಿರಲಿಲ್ಲ. ಓದಿಗೆ ಸಂಬಂಧಪಟ್ಟದ್ದನ್ನು ನೀರಿಗೆ ಬಿಟ್ಟರೆ ಮೊಮ್ಮಗಳ ವಿದ್ಯೆಯೂ ಹೋದೀತೆಂದು ಬಾಟಲಿಯನ್ನು ಬಾಬಾಸಾಹೇಬರ ಫೋಟೊದ ಹಿಂದೆ ಇಟ್ಟಿದ್ದಳು. ಪೊಲೀಸರಿಗೆ ಸಿಕ್ಕಿದ್ದು ಹೆಬ್ಬೆರಳಿನಷ್ಟು ಬಾಟಲಿ. ಮೇಲೆ ಪೂನಮ್‌ಳ ಪರೀಕ್ಷೆಯ ನೋಂದಣಿ ಸಂಖ್ಯೆ, ಕೆಂಪು ಶಾಯಿಯಲ್ಲಿ. ದುರ್ಗೇಶನ ದೂರಿನ ಮೇಲೆ ಅಂದು ಸಂಜೆ 7.30ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 105, 123 ಮತ್ತು 238: ಕೊಲೆಯಲ್ಲದ ನರಹತ್ಯೆ, ವಿಷ ಅಥವಾ ಮದ್ದು ಕೊಟ್ಟು ಹಾನಿ ಮಾಡಿದ್ದು, ಸಾಕ್ಷ್ಯನಾಶ.

13ರಂದು ಬೆಳಿಗ್ಗೆ 7.15ಕ್ಕೆ ಓದುಕೋಣೆಯ ಶೋಧನೆ ಆರಂಭವಾಯಿತು. ಹಳೆಯ ಪ್ರಶ್ನೆಪತ್ರಿಕೆಗಳ ಚೀಲದ ತಳದಲ್ಲಿ ಖಾಲಿಯಾದ ನಲವತ್ತೊಂದು ಗುಳಿಗೆ ಪಟ್ಟಿಗಳು ಸಿಕ್ಕವು, ಜೊತೆಗೆ ಅರೆಯುವ ಒಂದು ಸಣ್ಣ ಕಲ್ಲಿನ ಕುಟ್ಟಾಣಿ. ಗುಳಿಗೆಯ ಹೆಸರು ಮೊಡಾಫಿನಿಲ್. ಹಗಲಲ್ಲೇ ನಿದ್ದೆಗೆ ಬೀಳುವ ಕಾಯಿಲೆಯವರಿಗೆಂದು ಇರುವ ಮದ್ದು. ಇತ್ತೀಚೆಗೆ ಬುದ್ಧಿ ಚುರುಕಾಗಲೆಂದು ಓದುವವರು ನುಂಗುತ್ತಾರೆ. ಪಟ್ಟಿಯ ಜೊತೆ ಬರುವ ಸಣ್ಣಕ್ಷರದ ಕಾಗದವನ್ನು ಸಾಮಾನ್ಯರು ಬಿಸಾಡುತ್ತಾರೆ. ಕೇದಾರಿ ಹದಿನೆಂಟು ವರ್ಷ ಪರೀಕ್ಷೆಗೆ ಓದಿದವನು. ಕೈಗೆ ಬಂದ ಕಾಗದವನ್ನು ಗೆರೆ ಎಳೆಯದೆ ಬಿಡುವ ಅಭ್ಯಾಸ ಅವನಿಗಿರಲಿಲ್ಲ. ಚೀಲದಲ್ಲೇ ಸಿಕ್ಕ ಆ ಕಾಗದದಲ್ಲಿ, ಮೈಮೇಲೆ ದದ್ದು ಕಂಡರೆ ಕೂಡಲೇ ನಿಲ್ಲಿಸಿ, ವೈದ್ಯರನ್ನು ಕಾಣಿ ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಎರಡು ಸಲ ಬಿದ್ದಿತ್ತು. ಪಕ್ಕದಲ್ಲಿ ‘ಅತಿ ಮುಖ್ಯ’ ಎಂದು ಬರೆದಿತ್ತು. ಬಡಿಗೇರರು ಆ ಕಾಗದವನ್ನು ಎರಡು ಸಲ ಓದಿದರು. ಇಂಥ ಸಾಕ್ಷಿಯನ್ನು ಆರೋಪಿಯೇ ಬರೆದುಕೊಡುವುದು ಅವರ ನೌಕರಿಯಲ್ಲಿ ಅದೇ ಮೊದಲು.

ಬೆಳಿಗ್ಗೆ 9.10ಕ್ಕೆ ಬಂಧನ. ಓದಲು ಬಂದವರು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಸರ್‌ಗೆ ದಾರಿ ಬಿಟ್ಟರು. ಒಬ್ಬ, ಗಣಿತದ ಉಳಿದ ಪಾಠ ಯಾರು ಮಾಡುತ್ತಾರೆಂದು ಕೇಳಿದ.

ಠಾಣೆಯಲ್ಲಿ ಕೇದಾರಿ ಹೇಳಿದ್ದಕ್ಕೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಆದರೂ ಬಡಿಗೇರರು ಕೂತು ಕೇಳಿಸಿಕೊಂಡರು. ಹದಿನಾಲ್ಕು ಪರೀಕ್ಷೆ ಬರೆದಿದ್ದ. ಕೆಲವು ಎರಡು, ಮೂರು ಅಂಕದಲ್ಲಿ ಕೈತಪ್ಪಿದ್ದವು. ವಯಸ್ಸು ಮೀರುವ ಮುಂಚಿನ ಕಡೆಯ ಪರೀಕ್ಷೆಯ ಹಿಂದಿನ ದಿನವೂ ಸಕ್ಕರೆ ಕಾರ್ಖಾನೆಯ ರಾತ್ರಿ ಪಾಳಿ ಮಾಡಿ ಬಂದಿದ್ದ. ಅರವತ್ತೊಂದನೇ ಪ್ರಶ್ನೆಗೆ ಕಣ್ಣು ಮುಚ್ಚಿತು. ಪತ್ರಿಕೆ ಕಿತ್ತುಕೊಂಡಾಗ ಎಚ್ಚರವಾಯಿತು. ತನ್ನನ್ನು ಸೋಲಿಸಿದ್ದು ಬುದ್ಧಿಯಲ್ಲ, ನಿದ್ದೆ ಎಂದು ಅವನು ಅವತ್ತೇ ತೀರ್ಮಾನಿಸಿದ್ದ. ಓದುಕೋಣೆಗೆ ಬರುವ ಹುಡುಗಿಯರು ಕಳೆ ಕಿತ್ತು, ಪಾತ್ರೆ ತೊಳೆದು, ಎರಡು ಬಸ್ಸು ಹತ್ತಿ ಬಂದು ಪುಸ್ತಕದ ಮೇಲೆ ತಲೆಯಿಟ್ಟು ತೂಕಡಿಸುವುದನ್ನು ನೋಡಲಾಗಲಿಲ್ಲವಂತೆ. ಗುಳಿಗೆ ಎಂದರೆ ಮನೆಯವರು ಬಿಡುವುದಿಲ್ಲವೆಂದು ಅರೆದು ಬ್ರಾಹ್ಮಿಯಲ್ಲಿ ಬೆರೆಸಿದ.

ಆ ಹೊತ್ತಿನವರೆಗೂ ಗೋಡೆಗೆ ಒರಗಿ ನಿಂತಿದ್ದ ದೀಪಾ ಒಂದೇ ಪ್ರಶ್ನೆ ಕೇಳಿದಳು. “ದದ್ದು ಅಂತ ಲಕ್ಕವ್ವ ಫೋನ್ ಮಾಡಿದಾಗ ಯಾಕ ನಿಲ್ಲಸಂದಿಲ್ಲ ಸರ್?”

“ನಿಲ್ಲಸ್ರಿ ಅಂದ್ರ ಅದು ಔಷಧ ಅಂತ ಒಪ್ಪಿಕೊಂಡಂಗ ಆಗ್ತಿತ್ತು. ಒಂಬತ್ತೂ ಮಂದಿ ಬಿಡತಿದ್ರು. ಭಾನುವಾರ ಒಂದ ದಾಟಿದ್ರ, ಹಲಗಿ ಮ್ಯಾಲ ಆರೇಳು ಹೆಸರ ಬರತಿದ್ವು ದೀಪಾ.”

ದೀಪಾ ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡಳು.

ಪೂನಮ್ ಉಳಿದಳು. ಕಣ್ಣಿನ ರೆಪ್ಪೆ ಗುಡ್ಡೆಗೆ ಅಂಟಿ ಗಾಯವಾಗಿದೆ, ಬೆಳಕು ಗೊತ್ತಾಗುತ್ತದೆ, ಅಕ್ಷರ ಓದುವ ಭರವಸೆ ಕೊಡಲಾರೆವು ಎಂದು ಬೆಳಗಾವಿಯ ವೈದ್ಯರು ಬರೆದುಕೊಟ್ಟರು. ಲಕ್ಕವ್ವ ಶುಕ್ರವಾರ ಠಾಣೆಗೆ ಬಂದು ಡಾಕ್ಟರ ಮೇಲಿನ ದೂರು ಹಿಂದಕ್ಕೆ ತೆಗೆದುಕೊಂಡಳು. ಸಾಕ್ಷಿ ಹೇಳಿಕೆಯಲ್ಲಿ ‘ನನ್ನ ಕೈಯಿಂದಲೇ ಕೊಟ್ಟೆನು’ ಎಂಬ ಸಾಲು ಬಂದಾಗ ಬರೆಯುವವನು ಪೆನ್ನು ನಿಲ್ಲಿಸಿದ. ಬರಿ ಎಂದಳು.

ಶನಿವಾರ ಉಳಿದ ಏಳೂ ಹುಡುಗಿಯರನ್ನು ತಾಯಂದಿರ ಜೊತೆ ಠಾಣೆಗೆ ಕರೆಸಿದರು. ಡಾ. ನಂದಾ ಬಂದು ತಿಳಿಸಿ ಹೇಳಿದರು. ಆರು ಬಾಟಲಿ ಮೇಜಿನ ಮೇಲೆ ಬಂದವು. ಏಳನೆಯವಳು, ಘಟಪ್ರಭಾದ ಮರೆವ್ವ, ತನ್ನದು ಮುಗಿದಿದೆ, ಬಾಟಲಿ ಒಗೆದೆ ಎಂದಳು. ಇಪ್ಪತ್ತಮೂರು ವರ್ಷ, ಮೂರನೇ ಸಲದ ಪರೀಕ್ಷೆ. ಇನ್ನು ಮುಟ್ಟುವುದಿಲ್ಲವೆಂದು ಎಲ್ಲರ ಜೊತೆ ಸಹಿ ಹಾಕಿದಳು.

ಭಾನುವಾರ ಮಾರ್ಚ್ 16. ಗೋಕಾಕದ ಪರೀಕ್ಷಾ ಕೇಂದ್ರವೊಂದರಲ್ಲಿ ದೀಪಾಳಿಗೆ ಬಂದೋಬಸ್ತು, ಹೆಣ್ಣುಮಕ್ಕಳ ತಪಾಸಣೆಯ ಕೆಲಸ. ಓಲೆ ತೆಗೆಸುವುದು, ತುರುಬು ಬಿಚ್ಚಿಸುವುದು, ತೋಳು ಮುಟ್ಟಿ ನೋಡುವುದು. 9.42ಕ್ಕೆ ಸಾಲಿನಲ್ಲಿ ಮರೆವ್ವ ಬಂದಳು. ಅವಳ ಜಡೆಯ ರಬ್ಬರಿನ ಕೆಳಗೆ ದೀಪಾಳ ಬೆರಳಿಗೆ ಕಾಗದ ಸಿಕ್ಕಿತು. ಬಿಚ್ಚಿದರೆ ಅಕ್ಷರವಿರಲಿಲ್ಲ, ಒಂದು ಚಿಟಿಕೆ ಹಸಿರು ಪುಡಿ ಇತ್ತು.

“ಇವತ್ತೊಂದ ದಿನ ರೀ ಅಕ್ಕಾ,” ಎಂದಳು ಮರೆವ್ವ.

ಪೊಟ್ಟಣವನ್ನು ಜಪ್ತಿ ಮಾಡಿ ಸಮಯ ಬರೆಯಬೇಕು. ದೀಪಾ ಅದನ್ನು ಮಡಚಿ ಹಿಡಿದುಕೊಂಡಳು. ಐಶ್ವರ್ಯ ಸತ್ತದ್ದು ಗೊತ್ತಿಲ್ಲವೇ ಎಂದು ಕೇಳಿದಳು. ಗೊತ್ತು ಎಂದಳು ಮರೆವ್ವ. ಪೂನಮ್‌ಳ ಕಣ್ಣಿನ ಸುದ್ದಿ? ಅದೂ ಗೊತ್ತು.

“ನಾನೂ ಅದ ಕ್ವಾಣ್ಯಾಗ ಕುಂತ ಓದೀನಿ,” ಎಂದಳು ದೀಪಾ. “ಇದೇನೂ ಇಲ್ಲದ ಬರದೀನಿ. ಪಾಸೂ ಆಗೇನಿ.”

“ನೀವ್ ಬರಿಯಾಗ ಬಾಜೂದವರೂ ತಗೋತಿರಲಿಲ್ರಿ,” ಎಂದಳು ಮರೆವ್ವ.

ಗಂಟೆ ಹೊಡೆಯಿತು. ಹಿಂದಿನ ಸಾಲು ಒತ್ತುತ್ತಿತ್ತು. ದೀಪಾ ಪೊಟ್ಟಣವನ್ನು ಮುಷ್ಟಿಯಲ್ಲೇ ಉಳಿಸಿಕೊಂಡು, ಪಕ್ಕಕ್ಕೆ ಸರಿದು ಅವಳನ್ನು ಒಳಗೆ ಬಿಟ್ಟಳು.